ಓಟಿಸ್‌ಗೆ ಜೇನು ಸವರಿದ ಮಹಾನುಭಾವರಿಗೆ

ಡುಲೂತ್, ಮಾರ್ಚ್ ೪

ಮಾಜಿ ಪತಿದೇವರಾದ ಡ್ವೇನ್ ಅವರ ಸನ್ನಿಧಾನಕ್ಕೆ,

ನಮ್ಮ ಮುಂಗುಸಿ ಮೋರೆಯ ಫೆರೆಟ್ ಓಟಿಸ್ ನಿಮ್ಮ ಶುಶ್ರೂಷೆಯನ್ನೂ ದಾಟಿ ಬದುಕಿದ್ದಾನೆ.

ಕಳೆದ ಶನಿವಾರ, ಅವನನ್ನು ನೋಡಿಕೊಳ್ಳುವ ನಿಮ್ಮ ಸರದಿಯಲ್ಲಿ, ಅವನು ಸೋತು ಮಲಗಿದ್ದನ್ನು ಕಂಡು ವಸಡಿಗೆ ಜೇನು ಸವರಿದಿರಿ. "ನಮ್ಮ ಹಿಂದಿನ ಮೂರು ಫೆರೆಟ್‌ಗೂ ಜೇನೇ ಜೀವ ಉಳಿಸಿದ್ದು ಕಣೇ!" ಎಂದು ಫೋನಿನಲ್ಲಿ ಎದೆ ತಟ್ಟಿಕೊಂಡಿರಿ. ಆ ಮೂವರಿಗಿದ್ದದ್ದು ರಕ್ತದಲ್ಲಿ ಸಕ್ಕರೆ ಇಳಿಯುವ ಕಾಯಿಲೆ, ಮಹಾಶಯರೇ. ಇವನದು ಏರುವ ಕಾಯಿಲೆ. ಪಶುವೈದ್ಯ ಡಾಕ್ಟರ್ ಲಿಂಡ್‌ಕ್ವಿಸ್ಟ್ ಸಕ್ಕರೆ ಮೀಟರ್ ನೋಡಿ, "ಯಾವ ಪುಣ್ಯಾತ್ಮನಮ್ಮಾ ಇದನ್ನ ಮಾಡಿದ್ದು?" ಎಂದರು. ನಿಮ್ಮ ಹೆಸರನ್ನು ಅಕ್ಷರ ಬಿಡಿಸಿ ಹೇಳಿದೆ.

ಸೋಮವಾರ ನನ್ನ ಮಂಡಿಗೆ ಶಸ್ತ್ರಚಿಕಿತ್ಸೆ. ಮೂರು ದಿನ ಆಸ್ಪತ್ರೆ. ಅಷ್ಟು ದಿನ ನೀವು ಬೆಳಿಗ್ಗೆ ಸಂಜೆ ಓಟಿಸ್‌ನ ಕಿವಿಯಂಚು ಚುಚ್ಚಿ ಸಕ್ಕರೆ ನೋಡಬೇಕು, ಮಾಂಸ ತಿನ್ನಿಸಬೇಕು, ಆಮೇಲೆ ಇನ್ಸುಲಿನ್. ತಿನ್ನದಿದ್ದರೆ ಸೂಜಿ ಮುಟ್ಟದೆ ಡಾಕ್ಟರಿಗೆ ಫೋನ್ ಮಾಡಿ. ಮೀಟರ್ ನೋಡದೆ ಜೇನಿನ ಬಾಟಲಿಯತ್ತ ತಲೆ ಹಾಕಿಯೂ ಮಲಗಬೇಡಿ.

ನಿಮ್ಮನ್ನು ಕರೆದೆನೆಂದು ಹಿಗ್ಗಬೇಡಿ. ಮೊದಲು ಅಕ್ಕನನ್ನು ಕರೆದೆ, ಪಕ್ಕದ ಮನೆಯ ನರ್ಸನ್ನು ಕರೆದೆ, ಓಟಿಸ್ ಇಬ್ಬರನ್ನೂ ಕಚ್ಚಿದ. ನಿಮ್ಮ ತೊಡೆಯ ಮೇಲೆ ಮಾತ್ರ ಚುಚ್ಚಿಸಿಕೊಂಡು ಸುಮ್ಮನಿರುತ್ತಾನೆ. ಮನುಷ್ಯರನ್ನು ಆರಿಸುವುದರಲ್ಲಿ ಅವನೂ ನನ್ನಷ್ಟೇ ದಡ್ಡ.

ಭಾನುವಾರ ಆರಕ್ಕೆ ಬನ್ನಿ.

ಇತಿ,
ಮಾರ್ಲಿಸ್