ಪಟ್ಟಿಯಲ್ಲಿಲ್ಲದ ರಿವೆಟ್‌ಗಾರ

ಗ್ಲಾಸ್ಗೋ, ನವೆಂಬರ್ 1942

ಅಪ್ಪಾ,

ಕ್ಷಮಿಸು, ತೀರಿಹೋದವರಿಗೆ ಕಾಗದ ಬರೆಯುವುದು ಹುಚ್ಚೆಂದು ನನಗೂ ಗೊತ್ತು. ಕಾಲೇಜು ಸೇರಿ ತಿಂಗಳಾಯಿತು. ಇವತ್ತು ಚರ್ಚಿನಲ್ಲಿ ಪಾದ್ರಿ ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಓದಿದರು. ಯುದ್ಧದ ಹಡಗಿನ ಉಕ್ಕಿನ ಹಲಗೆಗಳನ್ನು ರಿವೆಟ್ ಮೊಳೆ ಬಡಿದು ಜೋಡಿಸುವಾಗ ಅಟ್ಟಣಿಗೆಯಿಂದ ಬಿದ್ದು ಸತ್ತ ನಿನ್ನ ಹೆಸರು ಅದರಲ್ಲಿರಲಿಲ್ಲ. ಎದ್ದು ನಿಂತು ಕೂಗಿದೆ: "ಆರ್ಚಿ ಮೆಕ್‌ಫೇಲ್, ರಿವೆಟ್ ಬಡಿಯೋನು!"

"ಕೂತ್ಕೊಳೋ, ಇಂಗ್ಲಿಷಮ್ಮನ ಮಗನೇ! ನಿಮ್ಮಪ್ಪ ಬಂದೂಕು ಹಿಡಿದಿದ್ನೇನೋ?" ಎಂದರು, ಅಮ್ಮ ಇಂಗ್ಲೆಂಡಿನವಳೆಂಬುದನ್ನು ಎಂದೂ ಮರೆಯದ, ಹಿಂದಿನ ಬೆಂಚಿನ ಮಿಸೆಸ್ ಲೇಯರ್ಡ್.

"ನಿಮ್ಮ ಮಗ ಹತ್ತಿದ ಹಡಗನ್ನ ಬಂದೂಕಿನಿಂದ ಕಟ್ಟಿದ್ರಾ, ಮಿಸೆಸ್ ಲೇಯರ್ಡ್?" ಎಂದೆ ನಾನು.

ನಿನ್ನ ಜೊತೆ ರಿವೆಟ್ ಬಡಿಯುತ್ತಿದ್ದ ಷಗ್ಗಿ ಸುತ್ತಿಗೆ ಸದ್ದಿಗೆ ಕಿವುಡಾದವನು, ಅವನಿಗೇನೂ ಕೇಳಿಸಿರಲಿಲ್ಲ. ಕೆಲಸದ ಗದ್ದಲದಲ್ಲಿ ನೀವು ಆಡುತ್ತಿದ್ದ ಕೈಸನ್ನೆಯಲ್ಲೇ ಹೇಳಿದೆ: ಎಡಗೈಯಿಂದ ಬಡಿಯುವವನು (ಅದು ನಿನ್ನ ಗುರುತು) ಪಟ್ಟಿಯಲ್ಲಿಲ್ಲ. ಅವನು ಎದ್ದು ಅಬ್ಬರಿಸಿದ: "ಪಾದ್ರಿಗಳೇ, ಬರ್ಕೊಳ್ಳಿ! ಅಲ್ಲೀವರ್ಗೂ ನಾವ್ಯಾರೂ ಕೂರಲ್ಲ!" ಅವನ ರಿವೆಟ್ ಗುಂಪಿನವರೆಲ್ಲ ಎದ್ದರು. ಪಾದ್ರಿ ಪೆನ್ನು ತೆಗೆದರು.

ಇನ್ನು ಯಾರು ಕೇಳಿದರೂ, ನಮ್ಮಪ್ಪ ರಿವೆಟ್ ಬಡಿಯುತ್ತಿದ್ದವನು ಎಂದೇ ಹೇಳುತ್ತೇನೆ.

ಶಾಲೆಯ ಹಾಸ್ಟೆಲ್ಲಿನಲ್ಲಿ ಮೂರು ವರ್ಷ, ನೀನು ನೌಕಾಪಡೆಯಲ್ಲಿದ್ದೀಯೆಂದು ಎಲ್ಲರಿಗೂ ಹೇಳಿದ್ದೆ. ಒಮ್ಮೆ ನೀನು ಗೇಟಿನವರೆಗೆ ಬಂದು, ಒಳಗೆ ಬಾರದೆ ತಿರುಗಿ ಹೋದೆಯಂತೆ. ನನ್ನ ಆ ಸುಳ್ಳು ನಿನಗೆ ಗೊತ್ತಾಗಿತ್ತಾ? ಬೇಗ ಉತ್ತರ ಬರೆ.

ನಿನ್ನ ಮಗ,
ಯೂಯನ್