ಕೊಂಡಿ ಹಾಕದೆ ಉಳಿದ ಸೆರಗು

ಮಾನ್ಯ ನಿವೃತ್ತ ರಾಯಭಾರಿಗಳೇ,

ಕಳೆದ ತಿಂಗಳು ಬಾಗಲಕೋಟೆಯ ಸಭೆಯಲ್ಲಿ ನೀವು ನನಗೆ ತಾಳ್ಮೆಯನ್ನು ದಯಪಾಲಿಸಿದಿರಿ. ಅದನ್ನು ಹಿಂದಿರುಗಿಸಲು ಈ ಪತ್ರ. ನಮ್ಮ ಮನೆಯಲ್ಲಿ ಅದನ್ನಿಡಲು ಜಾಗವಿಲ್ಲ. ಹದಿನಾಲ್ಕು ತಿಂಗಳಿಂದ ತುಂಬಿಹೋಗಿದೆ.

"ಮಹಾಶಕ್ತಿಗಳ ಯುದ್ಧವನ್ನು ಕಣ್ಣೀರಿನ ಮೂಲಕ ನೋಡಬಾರದು, ಇತಿಹಾಸದ ಎತ್ತರದಿಂದ ನೋಡಬೇಕು" ಎಂದಿರಿ. ಇತಿಹಾಸವೆಂದು ನಾನು ಓದಿದ್ದು ಬಸ್ ನಿಲ್ದಾಣದಲ್ಲಿ ಕೈಗೆ ಸಿಕ್ಕ ಎಂಟು ಪುಟದ ಕಿರುಪುಸ್ತಿಕೆಗಳನ್ನು ಮಾತ್ರ. ಆದರೆ ಎತ್ತರವನ್ನು ನಾನೂ ಹತ್ತಿದ್ದೇನೆ. ಬಾದಾಮಿಯ ಗುಡ್ಡದ ಮೇಲೆ ನಿಂತರೆ, ಹೊಂಡದ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಹೆಂಗಸರು ಚುಕ್ಕೆಗಳಂತೆ ಕಾಣುತ್ತಾರೆ. ಒಗೆಯುವ ಸದ್ದು ಮಾತ್ರ ಬಂಡೆಗೆ ಬಡಿದು ಮೇಲಿನವರೆಗೂ ಬರುತ್ತದೆ. ನೀವು ನಿಂತ ಎತ್ತರಕ್ಕೆ ಯಾವ ಸದ್ದೂ ಬರುವುದಿಲ್ಲವೇ?

ನನ್ನ ಅಣ್ಣ ಮಹಾಂತೇಶ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದ. ನೀವು ರಾಯಭಾರಿಯಾಗಿದ್ದ ದೇಶದಲ್ಲಿ ಅದೇ ಕೆಲಸವಿದೆ ಎಂದ ಏಜೆಂಟನನ್ನು ನಂಬಿ ಹೋದ. ಓದಲು ಬಾರದ ಲಿಪಿಯ ಕಾಗದಕ್ಕೆ ಸಹಿ ಹಾಕಿದ. ತಿಂಗಳೊಳಗೆ ಹಸಿರು ಸಮವಸ್ತ್ರದಲ್ಲಿ ಅವನ ಫೋಟೊ ಬಂತು. ಕಾರ್ಖಾನೆಯವರು ಕೊಟ್ಟ ಬಟ್ಟೆ ಎಂದುಕೊಂಡು ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. "ನನ್ನ ಮಗ ಸಾಹೇಬ ಆಗ್ಯಾನ ನೋಡ್ರಿ" ಎಂದಳು. ಪಕ್ಕದ ಮನೆಯ ಫರಹಾನಾ ಫೋಟೊ ದೊಡ್ಡದು ಮಾಡಿ, "ಚಿಗವ್ವ, ಹೆಗಲ ಮ್ಯಾಲ ಇದೇನ ಐತಿ?" ಎಂದು ಕೇಳಿದಳು. ಅದು ಬಂದೂಕಿನ ಪಟ್ಟಿ. ಪೇಢೆ ಇನ್ನೂ ನಮ್ಮ ಬಾಯಲ್ಲಿತ್ತು.

ಆಮೇಲೆ ಒಂದೇ ಸಲ ಫೋನ್ ಮಾಡಿದ, ಹದಿನಾಲ್ಕು ತಿಂಗಳ ಹಿಂದೆ. "ತಗ್ಗ ತೋಡಸಾಕತ್ತಾರ, ತಂಗಿ. ಇಲ್ಲೆ ಕಲ್ಲಿಲ್ಲ, ಬರೀ ರಾಡಿ. ಅವ್ವಗ ಹೇಳಬ್ಯಾಡ."

ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದ್ದು ಇಷ್ಟೇ: ಅವನು ಇದ್ದಾನೋ ಇಲ್ಲವೋ? "ಇಂಥ ಪ್ರಕರಣಗಳು ಯುದ್ಧ ಮುಗಿದ ಮೇಲೆ ಇತ್ಯರ್ಥವಾಗುತ್ತವೆ. ತಾಳ್ಮೆ ಇರಲಿ ತಾಯಿ" ಎಂದಿರಿ. ಚಪ್ಪಾಳೆ ಬಿತ್ತು. ಮಾನ್ಯರೇ, ಅದು ಯಾವುದಕ್ಕೆ ಬಿದ್ದ ಚಪ್ಪಾಳೆ? ನನ್ನ ಅಣ್ಣ ನಿಮ್ಮ ಪಾಲಿಗೆ ಪ್ರಕರಣವಾದದ್ದು ಯಾವಾಗ?

ನಮ್ಮದು ನೇಕಾರರ ಮನೆ. ಸೀರೆಯ ಒಡಲಿಗೆ ಉದ್ದಕ್ಕೆ ಹೂಡುವ ಹಾಸಿನ ಎಳೆ ಬೇರೆ, ಸೆರಗಿನ ಹಾಸು ಬೇರೆ. ಇಬ್ಬರು ಎದುರುಬದುರು ಕುಳಿತು ಎಳೆಗೆ ಎಳೆ ಕೊಂಡಿ ಹಾಕಿ ಅವೆರಡನ್ನೂ ಕೂಡಿಸಬೇಕು. ರಜೆಯ ದಿನ ಅಣ್ಣ ಎಳೆ ಕೊಡುತ್ತಿದ್ದ, ಅವ್ವ ಹಿಡಿಯುತ್ತಿದ್ದಳು. ಅವನ ಮದುವೆಗೆಂದು ಹೂಡಿದ ಸೀರೆ ಹಾಗೆಯೇ ನಿಂತಿದೆ, ಒಡಲು ಒಂದು ಕಡೆ, ಸೆರಗು ಒಂದು ಕಡೆ. ನಾನು ಎದುರು ಕುಳಿತರೆ ಅವ್ವ ತಲೆ ಎತ್ತದೆ ಹೇಳುತ್ತಾಳೆ: "ಏಳು. ಅದು ಅವನ ಜಾಗಾ."

ನಿಮ್ಮ ಹಳೆಯ ಕಚೇರಿಯಲ್ಲಿ ಇಂದಿಗೂ ನಿಮ್ಮ ಮಾತು ನಡೆಯುತ್ತದೆಂದು ವೇದಿಕೆಯ ಮೇಲೆ ನೀವೇ ಹೇಳಿಕೊಂಡಿರಿ. ಹಾಗಿದ್ದರೆ ಒಂದು ಫೋನ್ ಮಾಡಿ. ಬದುಕಿದ್ದರೆ ಅವನನ್ನು ಕಳಿಸಲಿ. ಸತ್ತಿದ್ದರೆ, ಸತ್ತಿದ್ದಾನೆಂದು ಬರೆದು ಕೊಡಲಿ, ನಾವು ಓದಬಲ್ಲ ಲಿಪಿಯಲ್ಲಿ. ಆಗ ಆ ಜಾಗದಲ್ಲಿ ನಾನು ಕೂರುತ್ತೇನೆ.

ಇಂತಿ,
ನಿಮಗೆ ಬಿದ್ದ ಚಪ್ಪಾಳೆಯ ನಡುವೆ ನಿಂತೇ ಇದ್ದವಳು,
ಶಿವಗಂಗಾ
ಇಳಕಲ್