ಗ್ಯಾದರಿಂಗಿಗೆ ನಮ್ಮ ಆಟ ಬೇಡವಂತೆ

ಫೆಬ್ರವರಿ 12, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಶನಿವಾರ ಕಾಲೇಜಿನ ವಾರ್ಷಿಕ ಗ್ಯಾದರಿಂಗ್. ಅತಿಥಿಗಳ ಮುಂದೆ ಹುಡುಗರ ತಂಡ ಕಬಡ್ಡಿ ಆಡಿ ತೋರಿಸುತ್ತದಂತೆ. ಅವರು ಮೊದಲ ಸುತ್ತಿನಲ್ಲೇ ಸೋತು ಬಂದವರು. ಚಿಕ್ಕೋಡಿಯ ಟೂರ್ನಿಯಲ್ಲಿ ಗೆದ್ದು ಬಂದ ನಾವು, ಹುಡುಗಿಯರ ತಂಡ, ಒಂದೇ ಬಣ್ಣದ ಸೀರೆ ಉಟ್ಟು ಆರತಿ ಹಿಡಿದು ನಿಲ್ಲಬೇಕಂತೆ!

ನಾನು ಕ್ಯಾಪ್ಟನ್, ಸುಮ್ಮನಿರಲು ಆಗಲಿಲ್ಲ. "ಸರ್, ನಾವೂ ಆಡ್ತೀವ್ರಿ" ಎಂದೆ.

ಕಾರ್ಯಕ್ರಮ ನೋಡಿಕೊಳ್ಳುವ ಸರ್ ತಲೆಯನ್ನೂ ಎತ್ತಲಿಲ್ಲ. "ಹುಡುಗ್ಯಾರು ಮಣ್ಣಾಗ ಹೊರಳಾಡಿದ್ರ ಗ್ಯಾದರಿಂಗಿಗೆ ಬಂದ ಪಾವಣ್ಯಾರ ಮುಂದ ಚಂದ ಕಾಣಸ್ತೈತೇನವಾ?"

ಹಾಗೆ ಹೊರಳಾಡಿ ಗೆದ್ದ ದಿನ ಇದೇ ಸರ್ ನಮ್ಮ ನಡುವೆ ನಿಂತು ಫೋಟೊ ತೆಗೆಸಿಕೊಂಡಿದ್ದರು.

ನಮ್ಮ ತಂಡದಲ್ಲಿ ಎಂದೂ ದನಿ ಎತ್ತದ ಜಿನಮತಿ ಹಿಂದಿನಿಂದ, "ಹಂಗಾರ ಆರತಿನೂ ಹುಡುಗರ ಕಡೇನ ಹಿಡಸ್ರಿ ಸರ್" ಎಂದುಬಿಟ್ಟಳು.

ಸರ್ ಫೋನ್ ಹೊರತೆಗೆದರು. "ನಿಮ್ಮಪ್ಪಗ ಫೋನ್ ಹಚ್ಚಲೇನು?"

"ಹಚ್ರಿ" ಎಂದು ಅವಳೇ ನಂಬರ್ ಹೇಳತೊಡಗಿದಳು. ಸರ್ ಫೋನನ್ನು ಜೇಬಿಗೆ ಹಾಕಿಕೊಂಡರು. ನಾವು ಅಷ್ಟೂ ಜನ ಎದ್ದು ಹೊರಗೆ ಬಂದೆವು.

ಹೊರಗೆ ಬಂದ ಮೇಲೆ ಜಿನಮತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಶನಿವಾರ ಎಲ್ಲರೂ ಆಟದ ಬಟ್ಟೆಯಲ್ಲೇ ಹೋಗುತ್ತೇವೆ. ಮೈದಾನಕ್ಕೆ ಬಿಡದಿದ್ದರೆ ರಸ್ತೆಯ ಮೇಲೆ ಗೆರೆ ಎಳೆದು ಆಡುತ್ತೇವೆ. ಬಂದ ಅತಿಥಿಗಳು ಕಾರು ನಿಲ್ಲಿಸಿಕೊಂಡು ನೋಡಲಿ.